ಹೇಮಾವತಿ ದಡದವರು ತ್ರಿಶೂಲಿಗೆ ಇಳಿಯಬಹುದೇ?

ಪ್ರಶ್ನೆ: ನಾವು ಹಾಸನದ ಹತ್ತಿರದ ಬೂವನಹಳ್ಳಿಯವರು. ನಾನೂ ನನ್ನ ಹೆಂಡತಿಯೂ ಅಕ್ಟೋಬರ್‌ನಲ್ಲಿ ನೇಪಾಳಕ್ಕೆ ಹೊರಟಿದ್ದೇವೆ. ಮುಕ್ತಿನಾಥ, ಪೋಖರಾ, ಕಠ್ಮಂಡು. ಟೂರಿನವರು ಕೊಟ್ಟ ಚೀಟಿಯಲ್ಲಿ ‘ತ್ರಿಶೂಲಿ ನದಿಯಲ್ಲಿ ರಾಫ್ಟಿಂಗ್, ಇಷ್ಟವಿದ್ದವರಿಗೆ’ ಎಂದಿದೆ. ವಿಡಿಯೋ ನೋಡಿದಾಗಿನಿಂದ ಅವಳು ಹೋಗೇ ಹೋಗೋಣ ಅಂತಾಳೆ, ಮುಂದಿನ ಜಾಗವೇ ಬೇಕಂತೆ. ನನಗೆ ಎದೆ ಧಸಕ್ಕೆನ್ನುತ್ತೆ. ಇಬ್ಬರಿಗೂ ಈಜು ಬರೋಲ್ಲ. ಗೊರೂರು ಡ್ಯಾಮಿನ ಗೇಟು ತೆಗೆದಾಗ ಬಿಟ್ಟರೆ ಅಷ್ಟು ಬೆಳ್ಳಗೆ ಕುದಿಯುವ ನೀರನ್ನು ನಾವು ಕಂಡಿಲ್ಲ. ನೀರು ಹಾಗೆ ಬಿಳಿಯಾಗೋದು ಯಾಕೆ? ಈಜು ಬಾರದವರು ಇಳಿಯಬಹುದೇ?

ಉತ್ತರ: ಇಳಿಯಬಹುದು. ಆದರೆ ಅಕ್ಟೋಬರ್‌ನಲ್ಲಿ ಈಜು ಬಾರದವರು ಇಳಿಯಬಹುದಾದ ನೀರಿಗೆ ಜುಲೈನಲ್ಲಿ ಈಜುಗಾರನೂ ಇಳಿಯಬಾರದು. ನಿಮ್ಮಿಬ್ಬರ ಜಗಳ ಈಜಿನ ಸುತ್ತ ನಡೆದಿರುವ ಹಾಗಿದೆ. ಈ ಆಟದಲ್ಲಿ ಈಜಿಗೆ ನೀವಂದುಕೊಂಡಷ್ಟು ಬೆಲೆ ಇಲ್ಲ. ಬೆಲೆ ಇರುವುದು ಹೊಳೆಯ ಮಟ್ಟಕ್ಕೆ, ಎದೆಗೆ ಬಿಗಿದ ಲೈಫ್ ಜಾಕೆಟ್ಟಿಗೆ, ಹಿಂದೆ ಕೂತು ಕೂಗುವ ಮಾರ್ಗದರ್ಶಿಯ ಮಾತಿಗೆ.

ನೀರು ಬೆಳ್ಳಗಾಗೋದರಿಂದ ಶುರು ಮಾಡೋಣ. ಗಾಜಿನ ಲೋಟ ನೆಲಕ್ಕೆ ಬಿದ್ದು ಪುಡಿಯಾದರೆ ಪುಡಿ ಬೆಳ್ಳಗೆ ಕಾಣುತ್ತೆ, ಲೋಟಕ್ಕೆ ಬಣ್ಣವೇ ಇರಲಿಲ್ಲ. ಬೆಳಕು ಒಂದೊಂದು ಚೂರಿನ ಅಂಚಿಗೂ ತಾಗಿ ದಿಕ್ಕು ತಪ್ಪಿ ನಮ್ಮ ಕಣ್ಣಿಗೆ ವಾಪಸು ಬರುತ್ತೆ, ಎಲ್ಲ ಬಣ್ಣವೂ ಒಟ್ಟಿಗೆ ಬರುವುದರಿಂದ ಬಿಳಿ. ಹೊಳೆಯಲ್ಲಿ ಆ ಕೆಲಸ ಮಾಡೋದು ಗಾಳಿಯ ಗುಳ್ಳೆ. ಇಳಿಜಾರಿನಲ್ಲಿ ಓಡಿ ಬಂದ ನೀರು ಬಂಡೆಗೆ ಅಪ್ಪಳಿಸಿ, ಮಗುಚಿ, ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಮೊಸರು ಕಡೆಯುವಾಗ ಮೇಲೇಳುವ ನೊರೆಯೂ ಇದೇ ಸಂಸಾರದ್ದು.

ಈ ನೊರೆಗೆ ಇನ್ನೊಂದು ಗುಣವಿದೆ. ಗಾಳಿ ಸೇರಿದ ನೀರು ಹಗುರ, ಹಗುರವಾದ ನೀರು ನಮ್ಮನ್ನು ಅಷ್ಟು ಚೆನ್ನಾಗಿ ಎತ್ತೋದಿಲ್ಲ. ಆದ್ದರಿಂದಲೇ ಜಾಕೆಟ್ ಹಾಕಿಕೊಂಡು ನೊರೆಗೆ ಬಿದ್ದವರೂ ಎರಡು ಮೂರು ಸೆಕೆಂಡು ಮುಳುಗುವುದುಂಟು. ಗಾಬರಿಯಾಗೋದು ಆಗಲೇ. ಜಾಕೆಟ್ ಕೈಕೊಟ್ಟಿತು ಅಂದುಕೊಂಡು ಕೈಕಾಲು ಬಡಿದು, ಬಾಯಿ ತೆರೆದು ನೀರು ಕುಡಿಯುತ್ತಾರೆ. ಬಾಯಿ ಮುಚ್ಚಿ ಒಂದು, ಎರಡು, ಮೂರು ಎಣಿಸಿದರೆ ನೊರೆ ದಾಟಿ ಗಟ್ಟಿ ನೀರು ಸಿಗುತ್ತೆ, ಜಾಕೆಟ್ ತಾನಾಗಿ ಮೇಲೆತ್ತುತ್ತೆ.

ಹೊಳೆಯ ಅಲೆಗೂ ಸಮುದ್ರದ ಅಲೆಗೂ ಒಂದು ತಮಾಷೆಯ ವ್ಯತ್ಯಾಸವಿದೆ. ಸಮುದ್ರದಲ್ಲಿ ಅಲೆ ಓಡುತ್ತೆ, ನೀರು ಹೆಚ್ಚುಕಮ್ಮಿ ಇದ್ದಲ್ಲೇ ಏರಿಳಿಯುತ್ತೆ. ಹೊಳೆಯಲ್ಲಿ ನೀರು ಓಡುತ್ತೆ, ಅಲೆ ಇದ್ದಲ್ಲೇ ನಿಂತಿರುತ್ತೆ, ಯಾಕೆಂದರೆ ಅದನ್ನು ಎಬ್ಬಿಸುವ ಬಂಡೆ ಕೆಳಗೆ ಕದಲದೆ ಕೂತಿದೆ. ಈ ಅಲೆಗಳ ಸಾಲಿಗೆ ರಾಫ್ಟಿಂಗ್‌ನವರು ರ‍್ಯಾಪಿಡ್ ಅಂತಾರೆ. ಇದ್ದಲ್ಲೇ ಇರುವುದರಿಂದ ಒಂದೊಂದಕ್ಕೂ ಹೆಸರಿಡುವುದಕ್ಕಾಗುತ್ತೆ. ನಮ್ಮ ಕೊಡಗಿನ ಬರಪೊಳೆಯಲ್ಲಿ ಒಂದಕ್ಕೆ ‘ಮಾರ್ನಿಂಗ್ ಕಾಫಿ’ ಅಂತಲೇ ಹೆಸರು.

ಹೀಗೆ ನಿಂತ ಅಲೆಗಳಿಗೆ ಒಂದು ಲಿಪಿ ಇದೆ. ಮೇಲಿನಿಂದ ಬರುವಾಗ ಎರಡು ನೊರೆಸಾಲುಗಳ ನಡುವೆ ನುಣುಪಾದ ಕಪ್ಪು ನೀರು ತ್ರಿಕೋನವಾಗಿ ಕೆಳಕ್ಕೆ ಮೊನೆ ಮಾಡಿದ್ದರೆ ಅದು ದಾರಿ. ಮೊನೆ ನಮ್ಮ ಕಡೆಗೆ, ಅಂದರೆ ಮೇಲಕ್ಕೆ, ತಿರುಗಿದ್ದರೆ ಅಲ್ಲಿ ಬಂಡೆ ಅಡಗಿದೆ. ದೊಡ್ಡ ಬಂಡೆಯ ಬೆನ್ನಿಗೆ ನೀರು ಹಿಮ್ಮುಖವಾಗಿ ನಿಧಾನಕ್ಕೆ ಸುತ್ತುವ ಮರೆ ಇರುತ್ತೆ, ದೋಣಿಯನ್ನು ಅಲ್ಲಿಗೆ ತೂರಿಸಿ ಸುಧಾರಿಸಿಕೊಳ್ಳುತ್ತಾರೆ. ಹರಿಗೋಲು ಹಾಕುವ ಅಂಬಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಫ್ಟೂ ಒಂದು ಬಗೆಯ ಹರಿಗೋಲೇ ಅನ್ನಿ. ಬಿದಿರು, ತೊಗಲು, ಟಾರಿನ ಜಾಗದಲ್ಲಿ ಗಾಳಿ ತುಂಬಿದ ದಪ್ಪ ರಬ್ಬರು. ತಳ ಚಪ್ಪಟೆ, ನೀರಿನೊಳಗೆ ಇಳಿಯೋದು ಗೇಣುದ್ದ, ಬಂಡೆಗೆ ತಾಗಿದರೆ ಒಡೆಯುವ ಬದಲು ಪುಟಿಯುತ್ತೆ.

ನೀವು ಕೇಳದಿದ್ದರೂ ಇಲ್ಲಿ ಒಂದು ಮಾತು ಹೇಳಲೇಬೇಕು. ನಿಮ್ಮ ಭಯ ಬಿಳಿ ನೀರಿನ ಮೇಲಿದೆ. ನನ್ನ ಭಯ ನಿಮ್ಮೂರ ಕಡೆಯ ಶಾಂತವಾದ ನೀರಿನ ಮೇಲೆ. ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆಯನ್ನೋ, ಅರಕಲಗೂಡು ಕಡೆ ಕಾವೇರಿಗೆ ಕಟ್ಟಿದ ಕಟ್ಟೇಪುರದ ಕಟ್ಟೆಯನ್ನೋ ನೋಡಿದ್ದೀರಿ. ಇಂಥ ಯಾವುದೇ ಕಟ್ಟೆಯ ಮೇಲೆ ನೀರು ನೇರ ಗೆರೆಯಾಗಿ ಹಾಯುವಾಗ ನೋಡಲು ಚೆಂದ, ಸದ್ದೂ ಅಷ್ಟಿಲ್ಲ. ಧುಮುಕಿದ ನೀರು ತಳಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಮೇಲೆದ್ದು, ಅದರಲ್ಲೊಂದು ಪಾಲು ಮೇಲ್ಮೈಯಲ್ಲೇ ಕಟ್ಟೆಯ ಕಡೆಗೆ ವಾಪಸು ಹರಿಯುತ್ತೆ. ಒಂದು ಮರದ ತುಂಡು ಅಲ್ಲಿಗೆ ಬಿದ್ದರೆ ಗಂಟೆಗಟ್ಟಲೆ ಅಲ್ಲೇ ಉರುಳುತ್ತಿರುತ್ತೆ. ಮನುಷ್ಯನಿಗೂ ಅದೇ ಗತಿ. ಸಹಜವಾದ ಬಂಡೆಗಳ ನಡುವೆ ಇಂಥ ಜಾಗವಿದ್ದರೆ ಹೆಚ್ಚಾಗಿ ಎಲ್ಲೋ ಒಂದು ಕಡೆ ಸಂದು ಇರುತ್ತೆ, ನೀರು ನಿಮ್ಮನ್ನು ಅತ್ತ ತಳ್ಳುತ್ತೆ. ಮನುಷ್ಯ ಕಟ್ಟಿದ ಕಟ್ಟೆ ಈ ದಡದಿಂದ ಆ ದಡಕ್ಕೆ ಒಂದೇ ಸಮ, ಸಂದೇ ಇಲ್ಲ. ಈಜು ಬರುತ್ತೆ ಅಂದುಕೊಂಡು ಜಾಕೆಟ್ಟಿಲ್ಲದೆ ಅಲ್ಲಿಗೆ ಇಳಿಯುವ ಹುಡುಗರಿಗಿಂತ, ಈಜು ಬರೋಲ್ಲ ಅಂತ ಗೊತ್ತಿದ್ದು ಜಾಕೆಟ್ ಬಿಗಿದುಕೊಂಡು ತ್ರಿಶೂಲಿಗೆ ಇಳಿಯುವ ನಿಮ್ಮ ಹೆಂಡತಿ ಹೆಚ್ಚು ಸುರಕ್ಷಿತ.

ಜಾಕೆಟ್ಟಿನ ಮಾತು ಬಂತಲ್ಲ, ಗಂಡ ಹೆಂಡಿರ ಒಂದು ಹಳೆಯ ಕಥೆ ನೆನಪಾಗುತ್ತೆ. ಅಮೆರಿಕದ ಐಡಹೋ ಪ್ರಾಂತ್ಯದ ಗ್ಲೆನ್ ಹೈಡ್ ಎಂಬ ರೈತ, ಅವನ ಹೆಂಡತಿ ಬೆಸ್ಸಿ. 1928ರಲ್ಲಿ ಮದುವೆ. ಅದೇ ವರ್ಷ ಅಕ್ಟೋಬರ್ 20ರಂದು ಯೂಟಾದ ಗ್ರೀನ್ ರಿವರ್ ಎಂಬ ಊರಿನಿಂದ ಹೊರಟರು. ಗ್ಲೆನ್ ತಾನೇ ಹಲಗೆ ಹೊಡೆದು ಮಾಡಿದ ಚಪ್ಪಟೆ ದೋಣಿ, ಗುರಿ ಕೊಲರಾಡೋ ನದಿಯ ಗ್ರ್ಯಾಂಡ್ ಕ್ಯಾನಿಯನ್ ದಾಟುವುದು. ದಾಟಿದ್ದರೆ ಆ ಕಣಿವೆಯನ್ನು ದೋಣಿಯಲ್ಲಿ ದಾಟಿದ ಮೊದಲ ಹೆಂಗಸು ಬೆಸ್ಸಿಯಾಗುತ್ತಿದ್ದಳು. ಹೆಚ್ಚಿನ ದಾರಿ ದಾಟಿಯೂ ಇದ್ದರು. ನವೆಂಬರ್ ನಡುವಿನಲ್ಲಿ ಕಣಿವೆಯ ಮೇಲಕ್ಕೆ ಹತ್ತಿ ಹೋಗಿ, ಅಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಎಮೆರಿ ಕೋಲ್ಬ್ ಎಂಬವನನ್ನು ಕಂಡರು. ಕೋಲ್ಬ್ ಸ್ವತಃ ಆ ನದಿಯಲ್ಲಿ ದೋಣಿ ಬಿಟ್ಟವನು. ಜಾಕೆಟ್ಟಿಲ್ಲದೆ ಹೊರಟವರನ್ನು ನೋಡಿ, ನನ್ನವು ತಗೊಂಡು ಹೋಗಿ ಅಂದ. ಗ್ಲೆನ್ ಬೇಡ ಅಂದ. ನವೆಂಬರ್ 18ರ ನಂತರ ಅವರನ್ನು ಕಂಡವರಿಲ್ಲ. ಡಿಸೆಂಬರ್‌ನಲ್ಲಿ ಹುಡುಕಲು ಹೋದ ವಿಮಾನದವರಿಗೆ ದೋಣಿ ಕಾಣಿಸಿತು. ಮಗುಚಿರಲಿಲ್ಲ, ಮುರಿದಿರಲಿಲ್ಲ. ಸಾಮಾನು ಇದ್ದ ಹಾಗೇ ಇತ್ತು, ಬೆಸ್ಸಿಯ ದಿನಚರಿಯೂ ಇತ್ತು. ಅವರಿಬ್ಬರ ಶವ ಇವತ್ತಿಗೂ ಸಿಕ್ಕಿಲ್ಲ.

ಏನಾಯಿತೋ ಯಾರಿಗೂ ಗೊತ್ತಿಲ್ಲ, ಅದರ ಮೇಲೆ ಹುಟ್ಟಿದ ಕಟ್ಟುಕಥೆಗಳಿಗೆ ಲೆಕ್ಕವಿಲ್ಲ. ನಾನು ನೋಡೋದು ಇಷ್ಟನ್ನು: ದೋಣಿ ನೆಟ್ಟಗೆ ತೇಲುತ್ತಿತ್ತು, ಅದರಲ್ಲಿದ್ದವರು ಮಾತ್ರ ಇರಲಿಲ್ಲ.

ದೊಡ್ಡವರೊಬ್ಬರ ತಲೆಯನ್ನು ನೀರಿನ ಮೇಲಿಡಲು ಬೇಕಾದ ಹೆಚ್ಚುವರಿ ಎತ್ತುವ ಬಲ ಸುಮಾರು 3ರಿಂದ 5 ಕಿಲೋ. ಸಾಧಾರಣ ಜಾಕೆಟ್ಟಿಗೇ 7 ಕಿಲೋ ಎತ್ತುವ ಬಲವಿರುತ್ತೆ, ಹೊಳೆಗೆಂದು ಮಾಡಿದ್ದಕ್ಕೆ ಇನ್ನೂ ಹೆಚ್ಚು. ಅಂದರೆ ಲೆಕ್ಕ ನಿಮ್ಮ ಕಡೆಗೇ ಇದೆ, ಜಾಕೆಟ್ ಮೈಮೇಲೆ ಇದ್ದರೆ. ಸಡಿಲವಾಗಿದ್ದರೆ ಅದು ಮೇಲೆ ತೇಲುತ್ತೆ, ನೀವು ಅದರೊಳಗಿಂದ ಕೆಳಕ್ಕೆ ಜಾರುತ್ತೀರಿ. ನಾನು ಮೊದಲ ಸಲ ಗಣೇಶಗುಡಿಯಲ್ಲಿ ಕಾಳಿ ನದಿಗೆ ಇಳಿದಾಗ, ದಡದಲ್ಲಿ ಒಬ್ಬ ಹುಡುಗ ಸಾಲಾಗಿ ನಿಂತ ನಮ್ಮ ಹಿಂದೆ ಬಂದು, ಒಬ್ಬೊಬ್ಬರ ಜಾಕೆಟ್ಟನ್ನೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿದ. ನನ್ನದು ಕಿವಿಯ ತನಕ ಬಂತು. ಏನೂ ಮಾತಾಡದೆ ಪಕ್ಕದ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಎಳೆದ. ಉಸಿರು ಸ್ವಲ್ಪ ಹಿಡಿದ ಹಾಗಾಯಿತು, ಸಡಿಲ ಮಾಡಪ್ಪ ಅಂದೆ. ‘ಸರಿಯಾಗಿದೆ ಸಾರ್’ ಅಂತ ಮುಂದಿನವರ ಹತ್ತಿರ ಹೋದ. ನೇಪಾಳದಲ್ಲಿ ಯಾರೂ ಹಾಗೆ ಜಗ್ಗದಿದ್ದರೆ ನೀವಿಬ್ಬರೂ ಒಬ್ಬರದನ್ನೊಬ್ಬರು ಜಗ್ಗಿ ನೋಡಿ. ಇನ್ನೊಂದು ಊರಿನಲ್ಲಿ, ಹೆಸರು ಬೇಡ, ಬಕಲ್ ಮುರಿದ ಜಾಕೆಟ್ಟಿಗೆ ದಾರ ಕಟ್ಟಿ ಕೊಟ್ಟಿದ್ದರು. ದುಡ್ಡು ವಾಪಸು ಕೇಳುವ ಗೋಜಿಗೂ ಹೋಗದೆ ಬಂದುಬಿಟ್ಟೆ.

ಈಗ ತ್ರಿಶೂಲಿ. ಗೋಸಾಯಿಕುಂಡದಲ್ಲಿ ಶಿವ ತ್ರಿಶೂಲ ನಾಟಿ ನೀರು ಹೊರಡಿಸಿದ ಎಂಬ ಕಥೆಯಿಂದ ಅದಕ್ಕೆ ಆ ಹೆಸರು. ನೀವು ಮುಕ್ತಿನಾಥದ ದಾರಿಯಲ್ಲಿ ಕಾಣುವ ಕಾಳಿ ಗಂಡಕಿ, ಸಾಲಿಗ್ರಾಮ ಸಿಗುವ ಹೊಳೆ, ಕೆಳಗೆ ದೇವಘಾಟ್‌ನಲ್ಲಿ ಈ ತ್ರಿಶೂಲಿಯನ್ನೇ ಕೂಡಿಕೊಂಡು ನಾರಾಯಣಿಯಾಗಿ, ಭಾರತಕ್ಕೆ ಬಂದು ಗಂಡಕಿ ಎನಿಸಿಕೊಂಡು ಪಟ್ನಾದ ಎದುರು ಗಂಗೆಗೆ ಸೇರುತ್ತೆ. ನಿಮ್ಮ ಹೆಂಡತಿ ಇದನ್ನು ಪುಣ್ಯಸ್ನಾನದ ಲೆಕ್ಕಕ್ಕೆ ಹಾಕಿದರೆ ನಿಮ್ಮ ವಾದ ಅಲ್ಲಿಗೇ ಮುಗಿಯುತ್ತೆ, ಎಚ್ಚರ.

ಹೊಳೆಗಳ ಕಷ್ಟವನ್ನು ಲೋಕವೆಲ್ಲ 1ರಿಂದ 6ರವರೆಗೆ ಅಳೆಯುತ್ತೆ. 1 ಅಂದರೆ ಅಂಗಳದ ನೀರು, 6 ಅಂದರೆ ಪ್ರಾಣದ ಮೇಲೆ ಆಸೆ ಬಿಟ್ಟವರದು. ಪ್ರವಾಸಿಗಳನ್ನು ಕರೆದೊಯ್ಯುವ ತ್ರಿಶೂಲಿಯ ಭಾಗ, ಕಠ್ಮಂಡು–ಪೋಖರಾ ಹೆದ್ದಾರಿಯ ಪಕ್ಕದಲ್ಲೇ ಚರೌಡಿಯ ಆಸುಪಾಸಿನದು, ಒಳ್ಳೆಯ ಋತುವಿನಲ್ಲಿ ಹೆಚ್ಚಾಗಿ 2–3. ಅದೇ ನೇಪಾಳದ ಭೋಟೆ ಕೋಶಿ 4–5, ಯಾರಾದರೂ ‘ಎಲ್ಲ ಒಂದೇ ಸಾರ್, ಇದು ಇನ್ನೂ ಮಜಾ’ ಅಂದರೆ ಒಪ್ಪಬೇಡಿ. ಈ ಅಂಕಿ ಕಲ್ಲಿನಲ್ಲಿ ಕೆತ್ತಿದ್ದಲ್ಲ, ನೀರು ಏರಿದರೆ 3 ಇದ್ದದ್ದು 4 ದಾಟುತ್ತೆ. ನೀರಿನ ವೇಗ ಎರಡರಷ್ಟಾದರೆ ಅದು ಮೈಗೆ ಕೊಡುವ ಒತ್ತಡ ನಾಲ್ಕರಷ್ಟಾಗುತ್ತೆ. ಅಕ್ಟೋಬರ್, ನವೆಂಬರ್ ಮತ್ತೆ ಮಾರ್ಚ್‌ನಿಂದ ಮೇ, ಇವು ಒಳ್ಳೆಯ ತಿಂಗಳು. ಅಕ್ಟೋಬರ್ ಮೊದಲ ವಾರಗಳಲ್ಲಿ ತಡವಾದ ಮಳೆ ಬಂದರೆ ಮಾತ್ರ ಲೆಕ್ಕ ಬದಲು. ಅದನ್ನು ತಿಳಿಯಲು ಯಂತ್ರ ಬೇಡ. ಹೇಮಾವತಿಗೆ ಹೊಸ ನೀರು ಬಂದಾಗ ಹೇಗೆ ಕೆಂಪಗಿರುತ್ತೆ ಅಂತ ನಿಮಗೆ ಗೊತ್ತು. ತ್ರಿಶೂಲಿ ಹಸಿರು ಛಾಯೆಯಲ್ಲಿದ್ದರೆ ಇಳಿಯಿರಿ. ರಾಡಿಯಾಗಿ, ಮರದ ಕೊಂಬೆ ತೇಲಿ ಬರುತ್ತಿದ್ದರೆ, ದುಡ್ಡು ಹೋದರೆ ಹೋಗಲಿ, ದಡದಲ್ಲಿ ಚಹಾ ಕುಡಿಯಿರಿ.

ನಿಜ ಹೇಳಬೇಕೆಂದರೆ ನಿಮ್ಮ ಪ್ರವಾಸದಲ್ಲಿ ನನಗೆ ಹೊಳೆಗಿಂತ ಹೆಚ್ಚು ಅಂಜಿಕೆ ಆ ಹೊಳೆಯ ಪಕ್ಕದ ರಸ್ತೆಯದು. 2024ರ ಜುಲೈ 12ರ ಬೆಳಗಿನ ಜಾವ ಸಿಮಲ್ತಾಲ್ ಬಳಿ ಗುಡ್ಡ ಕುಸಿದು 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳು ಇದೇ ತ್ರಿಶೂಲಿಗೆ ಬಿದ್ದವು. ಶಿರಾಡಿ ಘಾಟಿಯ ಮಳೆಗಾಲ ಕಂಡ ಹಾಸನದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ರಾತ್ರಿ ಪ್ರಯಾಣ ಬೇಡ ಅಂತ ಟೂರಿನವರಿಗೆ ಈಗಲೇ ಹೇಳಿಬಿಡಿ.

ಬೀಳುವ ವಿಷಯ. ಮೂರನೇ ದರ್ಜೆಯ ನೀರಿನಲ್ಲಿ ಬೀಳದೆಯೂ ಬರಬಹುದು, ಬಿದ್ದರೂ ಬರಬಹುದು. ಬಿದ್ದಾಗ ನಮ್ಮ ಸಹಜ ಬುದ್ಧಿ ಎರಡು ತಪ್ಪು ಮಾಡಿಸುತ್ತೆ. ಒಂದು, ಮೊಣಕಾಲುದ್ದ ನೀರು ಕಂಡ ಕೂಡಲೇ ಎದ್ದು ನಿಲ್ಲೋದು. ಓಡುವ ನೀರಿನಲ್ಲಿ ಕಾಲು ಎರಡು ಕಲ್ಲಿನ ಸಂದಿಗೆ ಸಿಕ್ಕರೆ ಹಿಂದಿನ ನೀರು ನಿಮ್ಮನ್ನು ಮುಂದಕ್ಕೆ ಮಗುಚಿ ಅಲ್ಲೇ ಒತ್ತಿ ಹಿಡಿಯುತ್ತೆ, ಜಾಕೆಟ್ಟಿದ್ದೂ ಪ್ರಯೋಜನವಿಲ್ಲ. ಅಂಗಾತ ಮಲಗಿ, ಕಾಲ್ಬೆರಳು ನೀರಿನ ಮೇಲೆ ಕಾಣುವ ಹಾಗೆ ಎತ್ತಿ, ಪಾದ ಮುಂದಕ್ಕೆ, ಹೊಳೆ ಹೋಗುವ ಕಡೆಗೆ. ಆರಾಮ ಕುರ್ಚಿಯಲ್ಲಿ ಕೂತ ಹಾಗೆ. ಬಂಡೆ ಬಂದರೆ ಕಾಲು ತಡೆಯಲಿ, ತಲೆಯಲ್ಲ. ಎರಡನೆಯದು, ಎಸೆದ ಹಗ್ಗವನ್ನು ಕೈಗೆ ಸುತ್ತಿಕೊಳ್ಳೋದು. ಬಾವಿಯ ಹಗ್ಗ ಸುತ್ತಿಕೊಂಡ ಅಭ್ಯಾಸ ನಮ್ಮದು. ಇಲ್ಲಿ ಎದೆಗೆ ಒತ್ತಿ ಹಿಡಿಯಿರಿ ಸಾಕು, ಅಗತ್ಯ ಬಿದ್ದರೆ ಬಿಟ್ಟುಬಿಡಲು ಬರುವ ಹಾಗಿರಬೇಕು.

ಇನ್ನೊಂದು ಪುಟ್ಟ ವಿಷಯ, ಆದರೆ ಆಸ್ಪತ್ರೆಗೆ ಹೋಗುವಂಥ ಗಾಯ ಮಾಡಬಲ್ಲದು. ಹುಟ್ಟಿನ ತುದಿಯಲ್ಲಿ ಅಡ್ಡಕಟ್ಟಿಗೆಯಂಥ ಗಟ್ಟಿ ಹಿಡಿ ಇರುತ್ತೆ. ಒಂದು ಕೈ ಸದಾ ಅದರ ಮೇಲಿರಬೇಕು. ಗಾಬರಿಯಲ್ಲಿ ಕೈ ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತೆ. ನಿಮ್ಮ ಪಕ್ಕದವರು ಯಾರೆಂದು ನಿಮಗೆ ಗೊತ್ತು.

ಹೋಗುವ ಮುಂಚೆ ಇಲ್ಲೇ ಒಮ್ಮೆ ನೋಡುವ ಆಸೆಯಿದ್ದರೆ ಕಾಳಿ ಒಳ್ಳೆಯದು. ಸೂಪಾ ಡ್ಯಾಮಿನ ಕೆಳಗೆ ವಿದ್ಯುತ್ತಿಗಾಗಿ ಬಿಡುವ ನೀರಿನಲ್ಲಿ ಆಟ ನಡೆಯುವುದರಿಂದ ಬೇಸಿಗೆಯಲ್ಲೂ ಹೊಳೆ ಒಣಗೋಲ್ಲ. ಮೇಲೆ ಹೇಳಿದ ಬರಪೊಳೆ ಮಳೆಗಾಲದ್ದು, ಅದು ಬ್ರಹ್ಮಗಿರಿಯ ಕಡೆಯಿಂದ ಪಡುವಣಕ್ಕೆ, ಕೇರಳಕ್ಕೆ ಧುಮುಕುವ ಹೊಳೆ, ಮೊದಲ ಪಾಠಕ್ಕೆ ಸ್ವಲ್ಪ ಒರಟು. ನಿಮಗೆ ಹತ್ತಿರದ್ದು ಅರಕಲಗೂಡಿನ ಮೇಲೆ ಕುಶಾಲನಗರದ ಕಡೆ ಹೋದರೆ ಸಿಗುವ ದುಬಾರೆ. ಅಲ್ಲಿ ಹೆಚ್ಚಿನ ಹೊತ್ತು ಹುಟ್ಟು ಹಾಕಿಕೊಂಡು ಮಾತಾಡುವುದೇ, ಜಾಕೆಟ್ಟಿನ ಬಿಗಿ ಮೈಗೆ ಒಗ್ಗಿಸಿಕೊಳ್ಳಲು ಅಷ್ಟು ಸಾಕು. ನಮ್ಮ ಹೇಮಾವತಿ ಗೊರೂರಿನಿಂದ ಕೆಳಗೆ ಅಗಲವಾಗಿ, ಸೋಮಾರಿಯಾಗಿ ಹರಿಯುವವಳು, ಹೊಲಗದ್ದೆಯ ಹೊಳೆ. ಅವಳಲ್ಲಿ ಈ ಆಟ ಹುಡುಕಬೇಡಿ.

ಹೃದಯದ ತೊಂದರೆ, ಮೂರ್ಛೆ ರೋಗ, ಇತ್ತೀಚೆಗೆ ಆದ ಆಪರೇಷನ್, ಬಸಿರು, ಇವುಗಳಲ್ಲಿ ಒಂದಿದ್ದರೂ ಬೇಡ. ಪ್ರವಾಸದ ವಿಮೆ ಮಾಡಿಸುವಾಗ ‘ಸಾಹಸ ಕ್ರೀಡೆ ಸೇರಿದೆಯೇ’ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ, ಎಷ್ಟೋ ಪಾಲಿಸಿಗಳಲ್ಲಿ ಸೇರಿರೋಲ್ಲ. ದೋಣಿಯ ಜೊತೆ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಒಬ್ಬ ಕಾವಲಿಗೆ ಬರುತ್ತಾನೋ ಎಂದೂ ವಿಚಾರಿಸಿ. ಬಿದ್ದವರನ್ನು ಮೊದಲು ಮುಟ್ಟುವವನು ಅವನೇ. ಸೀರೆ, ದುಪಟ್ಟ, ಜೀನ್ಸ್ ಯಾವುದೂ ಬೇಡ, ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಸಾಕು. ಹವಾಯಿ ಚಪ್ಪಲಿ ಮೊದಲ ಅಲೆಗೇ ಪಟ್ನಾದ ದಾರಿ ಹಿಡಿಯುತ್ತೆ, ಹಿಂದೆ ಪಟ್ಟಿ ಇರುವುದನ್ನು ಹಾಕಿ. ಕನ್ನಡಕಕ್ಕೆ ದಾರ ಕಟ್ಟಿ. ಉದ್ದನೆಯ ಮಾಂಗಲ್ಯದ ಸರವನ್ನು ಬಿಚ್ಚಿಡಲು ಮನಸ್ಸು ಬಾರದಿದ್ದರೆ ಬಟ್ಟೆಯೊಳಗೆ ಸೇರಿಸಿ ಪಿನ್ನು ಹಾಕಿಕೊಂಡು ಮೇಲೆ ಜಾಕೆಟ್ ಬಿಗಿಯಲಿ, ಹೊರಗೆ ನೇತಾಡುವ ಯಾವ ಸರವೂ ಹಗ್ಗಕ್ಕೋ ಹುಟ್ಟಿಗೋ ಸಿಕ್ಕಿಕೊಳ್ಳಬಹುದು. ಹಿಮದ ನೀರು ತಣ್ಣಗಿರುತ್ತೆ, ಒಣ ಬಟ್ಟೆ ಬಸ್ಸಿನಲ್ಲಿರಲಿ.

ಅಂದ ಹಾಗೆ, ಬೂವನಹಳ್ಳಿ ಎಂದು ಓದಿದ ಕೂಡಲೇ ನನಗೆ ನೆನಪಾದದ್ದು ವಿಮಾನ ನಿಲ್ದಾಣ. 2007ರಲ್ಲಿ ಅದರ ಶಂಕುಸ್ಥಾಪನೆಯಾದ ಊರು ನಿಮ್ಮದು. ಈ ಪ್ರವಾಸಕ್ಕಂತೂ ನೀವು ದೇವನಹಳ್ಳಿಗೇ ಹೋಗಿ ವಿಮಾನ ಹತ್ತಬೇಕು. ಹೊರದೇಶ ಕಾಣುವ ಹುಮ್ಮಸ್ಸು ನಿಮ್ಮ ಕಡೆ ಹೊಸದೇನಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕೊನೆಗೆ ಮುಂದಿನ ಜಾಗದ ವಿಷಯ. ಮುಂದೆ ಕೂತವರಿಗೆ ಅಲೆ ಮೊದಲು ಬಡಿಯುತ್ತೆ, ಪೂರ್ತಿ ನೆನೆಯುತ್ತಾರೆ. ಆದರೆ ಆ ಜಾಗಕ್ಕೆ ಒಂದು ಕೆಲಸವೂ ಇದೆ. ಹುಟ್ಟಿನ ಲಯ ಹಿಡಿಯುವವರು ಮುಂದೆ ಕೂತವರು. ಮಾರ್ಗದರ್ಶಿ ಹಿಂದಿನಿಂದ ‘ಫಾರ್ವರ್ಡ್’ ಅಂತ ಕೂಗುತ್ತಾನೆ, ಮುಂದಿನವರು ಹುಟ್ಟು ಹಾಕುತ್ತಾರೆ, ಉಳಿದವರೆಲ್ಲ ಅವರ ಬೆನ್ನನ್ನೇ ನೋಡಿಕೊಂಡು, ಅವರ ಹುಟ್ಟು ನೀರಿಗೆ ಬಿದ್ದಾಗ ತಮ್ಮದನ್ನೂ ಹಾಕಬೇಕು. ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಹಾಕಿದರೆ ಹುಟ್ಟಿಗೆ ಹುಟ್ಟು ತಾಗಿ ದೋಣಿ ಹರಿಗೋಲಿನ ಹಾಗೆ ಗಿರ‍್ರನೆ ತಿರುಗುತ್ತೆ. ನಿಮ್ಮ ಹೆಂಡತಿಯವರನ್ನೇ ಮುಂದೆ ಕೂರಿಸಿ. ನೀವು ಅವರ ಹಿಂದಿನ ಜಾಗ ಕೇಳಿ ಪಡೆಯಿರಿ, ಅವರು ಎತ್ತಿದಾಗ ಎತ್ತಿ, ಹಾಕಿದಾಗ ಹಾಕಿ.